ಕಾಟ್ಪಾಡಿಯಲ್ಲಿ ಇಳಿದರೆ ಸಿಗುವ ಸಿಂಹಳದ ರಾಜ

ಚೆನ್ನೈ ಸೆಂಟ್ರಲ್‌ನಿಂದ ಬೆಂಗಳೂರಿಗೆ ಓಡಾಡುವ ನಮಗೆಲ್ಲ ಕಾಟ್ಪಾಡಿ ಗೊತ್ತು. ಬೃಂದಾವನ್ ಇರಲಿ, ಲಾಲ್‌ಬಾಗ್ ಇರಲಿ, ಅಲ್ಲಿ ರೈಲು ಒಂದೆರಡು ನಿಮಿಷ ನಿಲ್ಲುತ್ತದೆ. ಎಕ್ಸ್‌ರೇ ಕವರು ಹಿಡಿದ ಒಂದಿಷ್ಟು ಜನ ಇಳಿಯುತ್ತಾರೆ, ಇಡ್ಲಿ ವಡೆಯವರು ಹತ್ತುತ್ತಾರೆ, ನಾವು ಮತ್ತೆ ಕಣ್ಣು ಮುಚ್ಚುತ್ತೇವೆ. ಮದರಾಸಿಗೆ ಬಂದ 22 ವರ್ಷಗಳಲ್ಲಿ ಆ ನಿಲ್ದಾಣವನ್ನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಇಳಿದದ್ದು ಒಂದೇ ಸಲ, ಸೋದರತ್ತೆಯನ್ನು ವೆಲ್ಲೂರಿನಲ್ಲಿ ಡಾಕ್ಟರಿಗೆ ತೋರಿಸಲು. ಬೆಳಿಗ್ಗೆ ಪರೀಕ್ಷೆ ಮುಗಿಯಿತು, ವರದಿ ಸಂಜೆಗೆ ಎಂದರು. ಅತ್ತೆ ಲಾಡ್ಜಿನಲ್ಲಿ ಮಲಗಿದರು. ನಾನು ಆಟೊ ಹಿಡಿದು ಮುತ್ತು ಮಂಟಪಕ್ಕೆ ಹೋಗಬೇಕು ಎಂದೆ.

ಆಟೊದವನು ಹಿಂದಕ್ಕೆ ತಿರುಗಿ ನೋಡಿದ. "ಇಲಂಗೈ ರಾಜಾ ಸಮಾಧಿಯಾ ಸಾರ್? ಅಂಗೇ ಯಾರುಂ ಪೋಗಮಾಟ್ಟಾಂಗಳೇ" ಎಂದ. ಅಲ್ಲಿಗೆ ಯಾರೂ ಹೋಗುವುದಿಲ್ಲವಂತೆ. ಎಲ್ಲರೂ ಕೋಟೆಗೆ ಹೋಗುತ್ತಾರೆ, ಚಿನ್ನದ ದೇವಸ್ಥಾನಕ್ಕೆ ಹೋಗುತ್ತಾರೆ.

ಪಾಲಾರ್ ಹೊಳೆಯ ದಂಡೆಯಲ್ಲಿ, ಕೋಟೆಯಿಂದ ಹೆಚ್ಚು ದೂರವಿಲ್ಲದ ಜಾಗ ಅದು. 1990ರಲ್ಲಿ ತಮಿಳುನಾಡು ಸರ್ಕಾರ ಕಟ್ಟಿಸಿದ ಮಂಟಪ, ಒಳಗೆ ಗೋರಿಗಳು. ನಡುವೆ ಮಲಗಿರುವವನು ಶ್ರೀ ವಿಕ್ರಮ ರಾಜಸಿಂಹ, ಸಿಂಹಳದ ಕೊನೆಯ ಅರಸ. ಕ್ಯಾಂಡಿಯ ಸಿಂಹಾಸನದಿಂದ 1815ರಲ್ಲಿ ಇಳಿಸಲ್ಪಟ್ಟು, 1832ರ ಜನವರಿ 30ರಂದು ವೆಲ್ಲೂರಿನಲ್ಲಿ ತೀರಿಕೊಂಡ. ಆಗ ಅವನಿಗೆ 52 ವರ್ಷ.

ಮಹಾವಂಸ ಎಂಬ ಪಾಳಿ ಗ್ರಂಥದ ಲೆಕ್ಕದಂತೆ ಸಿಂಹಳದ ಅರಸೊತ್ತಿಗೆ ಶುರುವಾದದ್ದು ಕ್ರಿ.ಪೂ. 543ರಲ್ಲಿ. ಅಂದರೆ ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಒಂದು ಕತೆಯ ಕೊನೆಯ ಪುಟ ಇರುವುದು ಕೊಲಂಬೊದಲ್ಲಲ್ಲ, ಕ್ಯಾಂಡಿಯಲ್ಲಲ್ಲ, ನಾವು ನಿದ್ದೆಗಣ್ಣಲ್ಲಿ ದಾಟಿ ಹೋಗುವ ಈ ಊರಿನಲ್ಲಿ. ಅವನು ಇಲ್ಲಿಗೆ ಹೇಗೆ ಬಂದ ಎಂಬುದು ಒಂದು ಪ್ರಶ್ನೆ. ಅವನನ್ನು ಯಾರವನೆಂದು ಕರೆಯಬೇಕು ಎಂಬುದು ಇನ್ನೊಂದು. ತಮಿಳರಲ್ಲಿ ಅನೇಕರು ಅವನನ್ನು ಲಂಕೆಯ ಕೊನೆಯ ತಮಿಳು ರಾಜ ಎನ್ನುತ್ತಾರೆ. ಸಿಂಹಳರಿಗೆ ಅವನು ಕೊನೆಯ ಸಿಂಹಳ ರಾಜ. ಅವನ ಮನೆತನದ ಬೇರು ಹುಡುಕಿದರೆ ಸಿಗುವುದು ತೆಲುಗು ನಾಯಕರು. ಪಟ್ಟಕ್ಕೆ ಬರುವ ಮೊದಲು ಅವನ ಹೆಸರು ಕಣ್ಣುಸಾಮಿ.

ಇದನ್ನು ಬಿಡಿಸಬೇಕಾದರೆ ಮೊದಲಿನಿಂದಲೇ ಬರಬೇಕು.

ಮಹಾವಂಸದ ಪ್ರಕಾರ ಮೊದಲ ರಾಜ ವಿಜಯ. ಅವನ ಅಜ್ಜಿಯನ್ನು ಸಿಂಹವೊಂದು ಹೊತ್ತೊಯ್ದಿತ್ತು, ಅದರಿಂದ ಹುಟ್ಟಿದವನು ಸಿಂಹಬಾಹು, ಅವನ ಮಗ ವಿಜಯ. ಸಿಂಹಳ ಎಂಬ ಹೆಸರಿಗೆ ಇದೇ ಮೂಲ. ಮಗನ ಪುಂಡಾಟ ತಡೆಯಲಾರದೆ ತಂದೆ ಅವನನ್ನೂ ಅವನ 700 ಜನ ಸಂಗಡಿಗರನ್ನೂ ಹಡಗು ಹತ್ತಿಸಿ ಕಳಿಸಿಬಿಟ್ಟ. ಲಂಕೆಗೆ ಬಂದ ವಿಜಯ ಕುವೇಣಿ ಎಂಬ ಯಕ್ಷಿಣಿಯ ನೆರವಿನಿಂದ ನೆಲೆ ನಿಂತ, ಆಮೇಲೆ ಅವಳನ್ನು ಬಿಟ್ಟ. ಪಟ್ಟಾಭಿಷೇಕಕ್ಕೆ ಕ್ಷತ್ರಿಯ ರಾಣಿ ಬೇಕು ಎಂದು ಮಧುರೆಯ ಪಾಂಡ್ಯ ರಾಜನಿಗೆ ಹೇಳಿ ಕಳಿಸಿದ. ರಾಜಕುಮಾರಿಯೊಬ್ಬಳೇ ಬರಲಿಲ್ಲ. 700 ಜನರಿಗೂ ಹೆಣ್ಣುಗಳು ಬಂದವು, ಜೊತೆಗೆ ಕಸುಬುದಾರರ ಕುಟುಂಬಗಳೂ ಬಂದವು. ಆ ರಾಣಿಯಲ್ಲಿ ವಿಜಯನಿಗೆ ಗಂಡುಮಕ್ಕಳಾಗಲಿಲ್ಲ. ಊರಿನಿಂದ ತಮ್ಮನ ಮಗನನ್ನು ಕರೆಸಿ ಪಟ್ಟ ಕಟ್ಟಬೇಕಾಯಿತು.

ಕತೆಯೋ ಚರಿತ್ರೆಯೋ, ಅದು ಬೇರೆ ಮಾತು. ಈ ಕತೆಯನ್ನು ಬರೆದಿಟ್ಟವರು ಬೌದ್ಧ ಭಿಕ್ಷುಗಳು, ಸಿಂಹಳ ಅರಸೊತ್ತಿಗೆಯ ಹೆಮ್ಮೆಗಾಗಿಯೇ ಬರೆದವರು. ಅವರು ಹೇಳುವ ಮೊದಲ ಅಧ್ಯಾಯದಲ್ಲೇ ರಾಜ ವಲಸೆ ಬಂದವನು, ರಾಣಿ ಮಧುರೆಯವಳು, ವಾರಸುದಾರ ಹೊರಗಿನಿಂದ ಬಂದವನು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯ ಅಧ್ಯಾಯದಲ್ಲಿ ಬೇಕಾಗುತ್ತದೆ.

ಅನುರಾಧಪುರದ ಸಾವಿರ ವರ್ಷಗಳನ್ನು ನಾನು ಇಲ್ಲಿ ಓಡಿಸಿಬಿಡುತ್ತೇನೆ. ಅಶೋಕನ ಕಾಲದಲ್ಲಿ ದೇವಾನಂಪಿಯ ತಿಸ್ಸ ಬೌದ್ಧನಾದ. ಚೋಳನಾಡಿನಿಂದ ಬಂದ ಎಲಾರ 44 ವರ್ಷ ಆಳಿದ. ದುಟ್ಠಗಾಮಣಿ ಅವನನ್ನು ಆನೆಗಳ ಮೇಲಿನ ಕಾಳಗದಲ್ಲಿ ಕೊಂದ. ಕೊಂದವನೇ ಎಲಾರನಿಗೆ ಸ್ಮಾರಕ ಕಟ್ಟಿಸಿ, ಅದರ ಮುಂದೆ ಹಾದುಹೋಗುವಾಗ ವಾದ್ಯ ನಿಲ್ಲಿಸಬೇಕು ಎಂದು ಕಟ್ಟಳೆ ಮಾಡಿದ. ಮುಂದೆ ಲಂಬಕಣ್ಣರು ಬಂದರು, ಮೋರಿಯರು ಬಂದರು. ಮೋರಿಯರ ಕಸ್ಸಪ 5ನೇ ಶತಮಾನದಲ್ಲಿ ತಂದೆಯನ್ನು ಕೊಲ್ಲಿಸಿ ಸಿಗಿರಿಯ ಬಂಡೆಯ ಮೇಲೆ ಅರಮನೆ ಕಟ್ಟಿ ಕೂತ. ಅವನ ತಮ್ಮ ಮೊಗ್ಗಲ್ಲಾನ ತಪ್ಪಿಸಿಕೊಂಡು ಓಡಿದ್ದು ಭಾರತಕ್ಕೆ, ದಂಡು ಕಟ್ಟಿಕೊಂಡು ವಾಪಸಾದದ್ದೂ ಭಾರತದಿಂದಲೇ. ಪಟ್ಟ ತಪ್ಪಿದವನು ಕಡಲು ದಾಟಿ ಈಚೆಗೆ ಬರುವುದು, ಇಲ್ಲಿಯ ಸೈನ್ಯ ಕರೆದುಕೊಂಡು ಹೋಗಿ ಸಿಂಹಾಸನ ಹಿಡಿಯುವುದು ಆ ಕಾಲದ ರೂಢಿಯೇ ಆಗಿತ್ತು ಎನ್ನಬಹುದು.

ಹಾಗೆ ಬಂದವರಲ್ಲಿ ಒಬ್ಬನ ಕತೆಗೂ ನಮಗೂ ನೇರ ಸಂಬಂಧವಿದೆ.

ಚೂಳವಂಸ ಎಂಬುದು ಮಹಾವಂಸದ ಮುಂದುವರಿಕೆ. ಅದರಲ್ಲಿ 7ನೇ ಶತಮಾನದ ಮಾನವಮ್ಮ ಎಂಬ ರಾಜಕುಮಾರ ಬರುತ್ತಾನೆ. ನಮ್ಮ ಕಿವಿಗೆ ಹೆಣ್ಣಿನ ಹೆಸರಿನಂತೆ ಕೇಳಿಸುತ್ತದೆ. ಆದರೆ ಅದು ಮಾನವರ್ಮ ಎಂಬುದರ ಪಾಳಿ ರೂಪ. ರಾಜ್ಯ ಕೈತಪ್ಪಿದ ಮಾನವರ್ಮ ಹೆಂಡತಿಯನ್ನು ಕರೆದುಕೊಂಡು ಬಂದು ಸೇರಿದ್ದು ಪಲ್ಲವ ನರಸಿಂಹವರ್ಮನ ಆಶ್ರಯಕ್ಕೆ. ಮಾಮಲ್ಲಪುರಕ್ಕೆ ಹೆಸರು ಕೊಟ್ಟ ಮಾಮಲ್ಲನೇ ಈತ. ಇಬ್ಬರ ಸ್ನೇಹ ಹೇಗೆ ಬೆಳೆಯಿತು ಎಂಬುದಕ್ಕೆ ಚೂಳವಂಸ ಒಂದು ಎಳನೀರಿನ ಕತೆ ಹೇಳುತ್ತದೆ. ಆನೆಯ ಮೇಲೆ ಹೋಗುತ್ತಿದ್ದಾಗ ನರಸಿಂಹವರ್ಮ ಎಳನೀರು ಕುಡಿದು, ಉಳಿದದ್ದನ್ನು ಪಕ್ಕದ ಆನೆಯ ಮೇಲಿದ್ದ ಮಾನವರ್ಮನಿಗೆ ಕೊಟ್ಟ. ಎಂಜಲು. ಆದರೂ ಗೆಳೆಯ ಕೊಟ್ಟದ್ದು ಎಂದು ಮಾನವರ್ಮ ಕುಡಿದ. ಆಗ ಪಲ್ಲವರಾಜ ಅವನು ಕುಡಿದು ಉಳಿಸಿದ್ದನ್ನು ಮತ್ತೆ ತಾನು ಕುಡಿದನಂತೆ. ಅಂದಿನಿಂದ ಇಬ್ಬರೂ ಸರಿಸಮಾನರು.

ಆಗ ವಲ್ಲಭನೆಂಬ ರಾಜ ಪಲ್ಲವರ ಮೇಲೆ ಯುದ್ಧಕ್ಕೆ ಬಂದ. ಗೆಳೆಯ ಇಲ್ಲಿ ಸತ್ತರೆ ಅವನ ರಾಜ್ಯದ ಆಸೆ ಮಣ್ಣಾಗುತ್ತದೆ ಎಂದು ನರಸಿಂಹವರ್ಮ ಅವನನ್ನು ಹಿಂದೆ ಬಿಟ್ಟು ಹೋದ. ರಾಜನೇ ಸತ್ತರೆ ನಾನಿದ್ದು ಏನು ಎಂದು ಮಾನವರ್ಮ ಹಿಂದಿನಿಂದ ಹೋಗಿ ಸೇರಿಕೊಂಡ. ಇಬ್ಬರೂ ಗೆದ್ದರು.

ವಲ್ಲಭ ಎಂದರೆ ಯಾರು? ಬಾದಾಮಿ ಚಾಲುಕ್ಯರ ಬಿರುದು ಅದು. ಇಮ್ಮಡಿ ಪುಲಕೇಶಿ. ಹರ್ಷವರ್ಧನನನ್ನು ತಡೆದ ನಮ್ಮ ಪುಲಕೇಶಿ, ರಾಜಕುಮಾರರ ಸಿನಿಮಾದ ಪುಲಕೇಶಿ. ಪಲ್ಲವರ ಕೂರಂ ತಾಮ್ರಪಟ ನರಸಿಂಹವರ್ಮ ಪುಲಕೇಶಿಯನ್ನು ಸೋಲಿಸಿದ ಜಾಗಗಳನ್ನು ಹೆಸರಿಸುತ್ತದೆ. ಅದರಲ್ಲಿ ಒಂದು ಮಣಿಮಂಗಲ. ತಾಂಬರಂನಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಈ ಹೆಸರು ಗೊತ್ತಿರಬಹುದು, ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರ, ಈಗ ಸೈಟು ಮಾರುವವರ ಬೋರ್ಡುಗಳಲ್ಲಿ ಕಾಣುವ ಊರು. ಅಲ್ಲಿ ಹಿಮ್ಮೆಟ್ಟಿದ ಚಾಲುಕ್ಯ ಸೈನ್ಯವನ್ನು ಪಲ್ಲವರು ಬಾದಾಮಿಯವರೆಗೂ ಬೆನ್ನಟ್ಟಿದರು. 642ರ ಸುಮಾರಿಗೆ ರಾಜಧಾನಿ ಅವರ ಕೈಗೆ ಹೋಯಿತು. ವಾತಾಪಿಕೊಂಡ ಎಂಬ ಬಿರುದು ನರಸಿಂಹವರ್ಮನಿಗೆ ಬಂತು. ಅವನ ಶಾಸನ ಇವತ್ತಿಗೂ ಬಾದಾಮಿಯ ಬಂಡೆಯ ಮೇಲಿದೆ. ಶಾಲೆಯಲ್ಲಿ ನಮಗೆ ಹರ್ಷನ ಸೋಲಿನ ಬಗ್ಗೆ ಎರಡು ಪುಟ ಇತ್ತು, ಬಾದಾಮಿಯ ಸೋಲಿನ ಬಗ್ಗೆ ಎರಡು ಸಾಲು. ಇಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆ ಅದು ಉಲ್ಟಾ. ಅವರೆಲ್ಲ ಕಲ್ಕಿಯವರ 'ಶಿವಗಾಮಿಯಿನ್ ಶಪಥಂ' ಓದಿಕೊಂಡು ಬೆಳೆದವರು. ಅದರಲ್ಲಿ ಮಾನವರ್ಮನೂ ಒಂದು ಪಾತ್ರ.

ಮಾನವರ್ಮನ ಕೆಲಸ ಒಂದೇ ಏಟಿಗೆ ಆಗಲಿಲ್ಲ. ಮೊದಲ ಸಲ ಪಲ್ಲವ ಸೈನ್ಯ ಕರೆದುಕೊಂಡು ಹೋಗಿ ಅನುರಾಧಪುರ ಹಿಡಿದ. ಅಷ್ಟರಲ್ಲಿ ನರಸಿಂಹವರ್ಮನಿಗೆ ಕಾಯಿಲೆ ಎಂಬ ಸುದ್ದಿ ಬಂತು, ಸೈನ್ಯ ಅವನನ್ನು ಬಿಟ್ಟು ಹಿಂದಿರುಗಿತು. ಎರಡನೆಯ ಸಲ ನರಸಿಂಹವರ್ಮ ಒಂದು ಉಪಾಯ ಮಾಡಿದ. ಕಡಲ ದಂಡೆಯವರೆಗೂ ತಾನೇ ಬಂದು, ತನ್ನ ರಾಜಾಭರಣಗಳನ್ನು ಮಾನವರ್ಮನಿಗೆ ತೊಡಿಸಿ ಹಡಗು ಹತ್ತಿಸಿದ. ನಮ್ಮ ದೊರೆಯೇ ಹೊರಟಿದ್ದಾನೆ ಎಂದುಕೊಂಡು ಸೈನಿಕರೆಲ್ಲ ಹತ್ತಿದರು. ಈ ಸಲ ಮಾನವರ್ಮ ಗೆದ್ದ, ಅವನ ವಂಶ ಮುಂದೆ ಮುನ್ನೂರು ವರ್ಷದ ಸುಮಾರು ಲಂಕೆಯನ್ನು ಆಳಿತು.

ಸಿಂಹಳ ಅರಸರ ಅತ್ಯಂತ ಗಟ್ಟಿ ವಂಶಗಳಲ್ಲಿ ಒಂದು ಕಂಚಿಯ ಋಣದಲ್ಲಿ ಹುಟ್ಟಿದ್ದು ಹೀಗೆ. ಆ ಋಣ ತೀರಿಸಲು ಅದರ ಮೂಲಪುರುಷ ಹೋರಾಡಿದ್ದು ಕನ್ನಡ ನಾಡಿನ ದೊರೆಯ ಮೇಲೆ.

ಇದೇ ವಂಶದ ಕೊನೆ ಬಂದಾಗ ಅಲ್ಲಿ ಕನ್ನಡಿಗರೇ ಇದ್ದರು. 10ನೇ ಶತಮಾನದ ಕೊನೆಯಲ್ಲಿ ಐದನೇ ಮಹಿಂದ ಅನುರಾಧಪುರದಲ್ಲಿ ರಾಜ. ಪ್ರಜೆಗಳು ಕಂದಾಯ ಕೊಡಲಿಲ್ಲ, ಕೂಲಿ ಸೈನಿಕರಿಗೆ ಸಂಬಳ ಕೊಡಲು ಅವನಲ್ಲಿ ಹಣವಿರಲಿಲ್ಲ. ಅವರು ದಂಗೆ ಎದ್ದರು, ರಾಜ ದಕ್ಷಿಣದ ರೋಹಣಕ್ಕೆ ಓಡಿದ. ಉಳಿದ ನಾಡಿನಲ್ಲಿ ಕೇರಳರು, ಸಿಂಹಳರು, ಕಣ್ಣಾಟರು ಮನಬಂದಂತೆ ಆಳಿದರು ಎನ್ನುತ್ತದೆ ಚೂಳವಂಸ. ಕಣ್ಣಾಟರು ಎಂದರೆ ನಾವೇ. ಸಂಬಳ ಬಾಕಿಯಾದ ಕನ್ನಡ ಸೈನಿಕರು ಅನುರಾಧಪುರದಲ್ಲಿ ಸಾವಿರ ವರ್ಷದ ಹಿಂದೆ ಗಲಾಟೆ ಮಾಡಿದ್ದರು ಎಂದು ಓದಿದಾಗ ನನಗೆ ನಗು ಬಂದದ್ದು ನಿಜ. ಹೊಟ್ಟೆಪಾಡಿಗೆ ಊರು ಬಿಟ್ಟವರಲ್ಲಿ ನಾವೇ ಮೊದಲಿಗರೇನಲ್ಲ.

ಈ ಅವ್ಯವಸ್ಥೆಯ ಸುದ್ದಿಯನ್ನು ಕುದುರೆ ವ್ಯಾಪಾರಿಯೊಬ್ಬ ಚೋಳನ ಕಿವಿಗೆ ಹಾಕಿದನಂತೆ. 993ರ ಹೊತ್ತಿಗೆ ಅನುರಾಧಪುರ ಚೋಳರ ಕೈಯಲ್ಲಿ. 1017ರಲ್ಲಿ ರಾಜೇಂದ್ರನ ಸೈನ್ಯ ಮಹಿಂದನನ್ನೇ ಸೆರೆಹಿಡಿದು, ಕಿರೀಟದ ಸಮೇತ ಚೋಳನಾಡಿಗೆ ತಂದಿತು. 12 ವರ್ಷ ಸೆರೆಯಲ್ಲಿದ್ದು 1029ರಲ್ಲಿ ಅವನು ಇಲ್ಲೇ ಸತ್ತ. ವೆಲ್ಲೂರಿನ ರಾಜ ಈ ದಾರಿಯಲ್ಲಿ ಬಂದ ಮೊದಲನೆಯವನಲ್ಲ.

ಮಣಿಮಂಗಲದ ಮಾತು ಬಂದಿತ್ತಲ್ಲ, ಅಲ್ಲಿಯ ರಾಜಗೋಪಾಲ ದೇವಸ್ಥಾನದ ಗೋಡೆಗಳ ಮೇಲೆ ಚೋಳರ ದೊಡ್ಡ ಶಾಸನಗಳಿವೆ. ರಾಜಾಧಿರಾಜ, ಅವನ ತಮ್ಮ ಎರಡನೇ ರಾಜೇಂದ್ರ, ವೀರರಾಜೇಂದ್ರ, ಮೂವರದ್ದೂ ಇವೆ. ಅವುಗಳಲ್ಲಿ ಕಲ್ಯಾಣದ ಚಾಲುಕ್ಯ ಆಹವಮಲ್ಲನ ಜೊತೆಗಿನ ಯುದ್ಧಗಳು ಬರುತ್ತವೆ, ಕೊಪ್ಪಂ, ಕೂಡಲಸಂಗಮ ಬರುತ್ತವೆ. ಲಂಕೆಯ ರಾಜರ ಕಿರೀಟ ಕಿತ್ತುಕೊಂಡದ್ದು, ಒಬ್ಬ ರಾಜನ ತಾಯಿಯ ಮೂಗು ಕೊಯ್ದದ್ದು ಕೂಡ ಹೆಮ್ಮೆಯಿಂದ ಕೆತ್ತಲ್ಪಟ್ಟಿದೆ. ಪುಲಕೇಶಿ ಸೋತ ಊರಿನಲ್ಲಿ, ನಾಲ್ಕು ನೂರು ವರ್ಷದ ನಂತರ, ಒಂದೇ ದೇವಸ್ಥಾನದ ಗೋಡೆಗಳಲ್ಲಿ ಕನ್ನಡದ ದೊರೆಗಳೂ ಸಿಂಹಳದ ದೊರೆಗಳೂ ಚೋಳನ ಶತ್ರುಗಳಾಗಿ ಅಕ್ಕಪಕ್ಕ ನಿಂತಿದ್ದಾರೆ.

ಶತ್ರುವಿನ ಶತ್ರು ಮಿತ್ರ ಎಂಬ ಲೆಕ್ಕ ಅವರಿಗೂ ತಿಳಿದಿತ್ತು. 1070ರ ಸುಮಾರಿಗೆ ಚೋಳರನ್ನು ಓಡಿಸಿದ ಮೊದಲನೇ ವಿಜಯಬಾಹುವಿನ ಆಸ್ಥಾನಕ್ಕೆ ಕರ್ನಾಟಕದ ರಾಜನ ದೂತರು ಉಡುಗೊರೆ ಹೊತ್ತು ಬಂದರು. ಆ ರಾಜ ಕಲ್ಯಾಣದ ಆರನೇ ವಿಕ್ರಮಾದಿತ್ಯ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ವಿಜಯಬಾಹು ತನ್ನ ದೂತರನ್ನೂ ಜೊತೆ ಮಾಡಿ ಮರಳಿ ಕಳಿಸಿದ. ಚೋಳನಾಡನ್ನು ದಾಟುವಾಗ ಸಿಂಹಳ ದೂತರ ಕಿವಿ ಮೂಗು ಕೊಯ್ದು ಕಳಿಸಲಾಯಿತು. ಸಿಟ್ಟಿಗೆದ್ದ ವಿಜಯಬಾಹು ಯುದ್ಧಕ್ಕೆ ಸಜ್ಜಾದ. ಅವನ ಸೈನ್ಯದಲ್ಲಿದ್ದ ವೇಳೈಕ್ಕಾರ ಪಡೆ ಚೋಳರ ಮೇಲೆ ಹೋಗಲು ಒಪ್ಪದೆ ದಂಗೆ ಎದ್ದು ಅರಮನೆಗೇ ಬೆಂಕಿ ಇಟ್ಟಿತು. ಇದೇ ಕಾಲದ ಆಸುಪಾಸಿನಲ್ಲಿ ನಮ್ಮ ಐಹೊಳೆಯ ಹೆಸರು ಹೊತ್ತ ಐನೂರ್ವರ ವ್ಯಾಪಾರ ಸಂಘ ಲಂಕೆಯ ಪದವಿಯ, ವಾಹಲ್ಕಡ, ಪೊಲೊನ್ನರುವಗಳಲ್ಲಿ ತಮಿಳಿನಲ್ಲಿ ಶಾಸನ ಹಾಕಿಸುತ್ತಿತ್ತು. ಹೆಸರು ಕನ್ನಡನಾಡಿನದು, ಭಾಷೆ ತಮಿಳು, ಜಾಗ ಸಿಂಹಳ. ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಕ್ಕಿಲ್ಲ.

ಪೊಲೊನ್ನರುವದ ವೈಭವ ಪರಾಕ್ರಮಬಾಹುವಿನದು. ಅವನ ನಂತರ 1187ರಲ್ಲಿ ಬಂದ ನಿಸ್ಸಂಕಮಲ್ಲ ಒಂದು ಹೊಸ ಮಾತು ಶುರು ಮಾಡಿದ. ಲಂಕೆ ಬುದ್ಧನಿಗೆ ಸೇರಿದ್ದು, ಆದ್ದರಿಂದ ಚೋಳ, ಕೇರಳದಂಥ ಬೌದ್ಧರಲ್ಲದವರಿಗೆ ಸಿಂಹಾಸನದ ಹಕ್ಕಿಲ್ಲ ಎಂದು ಕಲ್ಲಿನಲ್ಲಿ ಕೆತ್ತಿಸಿದ. ತಮಾಷೆಯೆಂದರೆ ಈ ಮಾತು ಹೇಳಿದವನು ಕಳಿಂಗದಿಂದ ಬಂದವನು. ಹಾಗಾಗಿ ಕಳಿಂಗದವರಿಗೆ ಮಾತ್ರ ಹಕ್ಕಿದೆ ಎಂದೂ ಸೇರಿಸಿದ. ಮೂವತ್ತು ವರ್ಷದೊಳಗೆ ಕಳಿಂಗದಿಂದಲೇ ಬಂದ ಮಾಘ ಪೊಲೊನ್ನರುವವನ್ನು ಹಾಳು ಮಾಡಿದ. ಆಮೇಲೆ ರಾಜಧಾನಿ ದಂಬದೆಣಿಯ, ಯಾಪಹುವ, ಕುರುಣೆಗಲ, ಗಂಪೊಲ, ಕೋಟ್ಟೆ ಎಂದು ತಿರುಗುತ್ತ ಹೋಯಿತು. ಕೋಟ್ಟೆಯ ಕೊನೆಯ ಅರಸ ಕ್ರೈಸ್ತನಾಗಿ ರಾಜ್ಯವನ್ನು ಪೋರ್ಚುಗೀಸರಿಗೆ ಬರೆದುಕೊಟ್ಟ. ಕರಾವಳಿ ಪೋರ್ಚುಗೀಸರಿಗೆ, ಮುಂದೆ ಡಚ್ಚರಿಗೆ ಹೋಯಿತು. ಬೆಟ್ಟದ ಮೇಲೆ ಉಳಿದದ್ದು ಕ್ಯಾಂಡಿ ಒಂದೇ.

ಕ್ಯಾಂಡಿಯ ಅರಸರಿಗೆ ಹಳೆಯ ತೊಡಕು ಎದುರಾಯಿತು. ಪಟ್ಟದ ರಾಣಿ ಸೂರ್ಯವಂಶದ ಕ್ಷತ್ರಿಯಳೇ ಆಗಬೇಕು, ಅವಳ ಮಗನೇ ವಾರಸುದಾರ. ಕ್ಯಾಂಡಿಯ ದೊಡ್ಡ ಮನೆತನಗಳು ಎಷ್ಟೇ ಪ್ರಬಲವಾದರೂ ಆ ಲೆಕ್ಕಕ್ಕೆ ಬರುವುದಿಲ್ಲ. ಹೆಣ್ಣು ತರಬೇಕಾದದ್ದು ಮತ್ತೆ ಮಧುರೆಯಿಂದಲೇ. ಅಲ್ಲಿ ಆಗ ಪಾಂಡ್ಯರಿರಲಿಲ್ಲ. ವಿಜಯನಗರದ ಅರಸರು ದಕ್ಷಿಣವನ್ನು ನೋಡಿಕೊಳ್ಳಲು ನೇಮಿಸಿದ ನಾಯಕರ ವಂಶ ಅಲ್ಲಿ ಆಳುತ್ತಿತ್ತು. ತೆಲುಗು ಮನೆಮಾತಿನ, ತಮಿಳುನಾಡಿನಲ್ಲಿ ಬೇರುಬಿಟ್ಟ ಜನ. ತಮಿಳರು ಅವರನ್ನು ವಡುಗರು ಎನ್ನುತ್ತಿದ್ದರು. ಬಡಗಿನಿಂದ ಬಂದವರು ಎಂದು ಅರ್ಥ.

1739ರಲ್ಲಿ ನರೇಂದ್ರಸಿಂಹ ತೀರಿಕೊಂಡ. ಕ್ಯಾಂಡಿಯ ಮನೆತನದ ಹೆಂಡತಿಯಲ್ಲಿ ಅವನಿಗೆ ಮಗನಿದ್ದ, ಆದರೆ ಅವನು ಪಟ್ಟಕ್ಕೆ ಸಲ್ಲಲಿಲ್ಲ. ರಾಣಿಯ ತಮ್ಮನಿಗೆ, ಅಂದರೆ ಮಧುರೆಯ ಭಾಮೈದನಿಗೆ ಪಟ್ಟವಾಯಿತು. ಅಲ್ಲಿಯ ಸರದಾರರು ಇದಕ್ಕೆ ಒಪ್ಪಿದ್ದೇಕೆ ಎಂದರೆ, ತಮ್ಮಲ್ಲೇ ಒಬ್ಬನು ತಮ್ಮ ತಲೆಯ ಮೇಲೆ ಕೂರುವುದಕ್ಕಿಂತ ಹೊರಗಿನವನು ಕೂರುವುದು ವಾಸಿ ಎಂದಿರಬೇಕು. ಅಪಾರ್ಟ್‌ಮೆಂಟಿನ ಸಂಘದಲ್ಲಿ ಕಾರ್ಯದರ್ಶಿಯನ್ನು ಆರಿಸುವುದನ್ನು ನೋಡಿದವರಿಗೆ ಇದು ಅರ್ಥವಾದೀತು.

ಹೀಗೆ ಬಂದ ನಾಯಕ್ಕರ್ ವಂಶದ ನಾಲ್ಕು ಜನ 76 ವರ್ಷ ಆಳಿದರು. ಅವರು ಆಳಿದ ರೀತಿಯನ್ನು ನೋಡಿದರೆ ಯಾವ ಸಿಂಹಳ ರಾಜನಿಗೂ ಕಡಿಮೆಯಿಲ್ಲ. ಎರಡನೆಯವನಾದ ಕೀರ್ತಿ ಶ್ರೀ ರಾಜಸಿಂಹ 1747ರಲ್ಲಿ ಪಟ್ಟಕ್ಕೆ ಬಂದ. ಲಂಕೆಯಲ್ಲಿ ಆಗ ಶಾಸ್ತ್ರೋಕ್ತವಾಗಿ ಉಪಸಂಪದೆ ಪಡೆದ ಭಿಕ್ಷುಗಳೇ ಉಳಿದಿರಲಿಲ್ಲ, ದೀಕ್ಷೆ ಕೊಡುವವರೇ ಇಲ್ಲ. ಅವನು ಸಿಯಾಂ ದೇಶಕ್ಕೆ ರಾಯಭಾರ ಕಳಿಸಿ, 1753ರಲ್ಲಿ ಉಪಾಲಿ ಥೇರರನ್ನು ಕರೆಸಿ ಸಂಘಕ್ಕೆ ಮರುಜೀವ ಕೊಟ್ಟ. ಇವತ್ತು ಶ್ರೀಲಂಕಾದ ಅತಿ ದೊಡ್ಡ ಭಿಕ್ಷು ಪಂಗಡವಾದ ಸಿಯಾಂ ನಿಕಾಯ ಅದರಿಂದ ಹುಟ್ಟಿದ್ದು. ಪ್ರವಾಸಿಗರು ನೋಡಲು ಹೋಗುವ ಕ್ಯಾಂಡಿಯ ಪೆರಹರದಲ್ಲಿ ಬುದ್ಧನ ದಂತಧಾತುವಿಗೆ ಮೊದಲ ಸ್ಥಾನ ಸಿಕ್ಕಿದ್ದೂ ಅವನ ಕಾಲದಲ್ಲೇ. ಚೂಳವಂಸವನ್ನು ಅವನ ಆಳಿಕೆಯವರೆಗೆ ಮುಂದುವರಿಸಿ ಬರೆಸಿದವನೂ ಅವನೇ. ಅವನ ತಮ್ಮ ರಾಜಾಧಿ ರಾಜಸಿಂಹ ಸಿಂಹಳದಲ್ಲಿ ಕಾವ್ಯ ಬರೆದವನು.

ಇಷ್ಟಾದರೂ 1760ರಲ್ಲಿ ಕೀರ್ತಿ ಶ್ರೀಯನ್ನು ಕೊಂದು ಸಿಯಾಂನ ರಾಜಕುಮಾರನೊಬ್ಬನನ್ನು ಕೂರಿಸುವ ಸಂಚು ನಡೆಯಿತು. ಕೆಲವು ಸರದಾರರೂ, ಅವನೇ ಮೇಲೆತ್ತಿದ್ದ ಕೆಲವು ಭಿಕ್ಷುಗಳೂ ಅದರಲ್ಲಿದ್ದರು. ದೂರು ಏನೆಂದರೆ, ರಾಜ ಹಣೆಯ ವಿಭೂತಿ ಬಿಟ್ಟಿಲ್ಲ. ಬೌದ್ಧ ಧರ್ಮಕ್ಕೆ ಇಷ್ಟು ಮಾಡಿದವನನ್ನು ಕೊನೆಗೂ ಅಳೆದದ್ದು ಹಣೆ ನೋಡಿ.

ಕಣ್ಣುಸಾಮಿಗೆ 1798ರಲ್ಲಿ ಪಟ್ಟ ಕಟ್ಟಿದವನು ಪಿಲಿಮತಲಾವೆ ಎಂಬ ಮಹಾಮಂತ್ರಿ. ಹದಿನೆಂಟರ ಹುಡುಗ ಹೇಳಿದಂತೆ ಕೇಳುತ್ತಾನೆ ಎಂದುಕೊಂಡಿದ್ದ. ಹುಡುಗ ಕೇಳಲಿಲ್ಲ. ಕೊನೆಗೆ ಮಂತ್ರಿಯ ತಲೆಯೇ ಹೋಯಿತು. ರಾಜ ಸಾಧುವೇನಲ್ಲ. ಕ್ಯಾಂಡಿಯ ಚೆಲುವಿಗೆ ಕಾರಣವಾದ ಕೆರೆಯನ್ನು, ಹಾಲ ಸಮುದ್ರ ಎಂದು ಹೆಸರಿಟ್ಟ ಕೆರೆಯನ್ನು, ಅವನು ಬಿಟ್ಟಿ ದುಡಿಮೆಯಲ್ಲಿ ಕಟ್ಟಿಸಿದ. ಎಹೆಲೆಪೊಲ ಎಂಬ ಮುಂದಿನ ಮಂತ್ರಿ ಇಂಗ್ಲಿಷರ ಕಡೆ ಹೋದಾಗ, 1814ರಲ್ಲಿ ಅವನ ಹೆಂಡತಿ ಮಕ್ಕಳನ್ನು ಕೊಲ್ಲಿಸಿದ. ಸಿಂಹಳರ ಮನೆಗಳಲ್ಲಿ ಆ ಕತೆಯನ್ನು ಇಂದಿಗೂ ಹೇಳುತ್ತಾರೆ. ಅಷ್ಟು ಸಾಕಾಯಿತು ಕೊಲಂಬೊದ ಗವರ್ನರ್ ಬ್ರೌನ್‌ರಿಗ್‌ಗೆ. 1815ರ ಫೆಬ್ರವರಿ 18ರಂದು ರಾಜ ಸೆರೆಸಿಕ್ಕ. ಹಿಡಿದುಕೊಟ್ಟವರು ಅವನದೇ ನಾಡಿನವರು.

ಮಾರ್ಚ್ 2ರಂದು ಕ್ಯಾಂಡಿಯ ಅರಮನೆಯ ಸಭಾಮಂಟಪದಲ್ಲಿ ಒಪ್ಪಂದ ಓದಲಾಯಿತು. ಅದರಲ್ಲಿ ರಾಜನ ಕ್ರೌರ್ಯದ ಮಾತಿದೆ. ಆದರೆ ಅವನೊಬ್ಬನನ್ನು ಇಳಿಸಿ ಸುಮ್ಮನಾಗಲಿಲ್ಲ. ಮಲಬಾರ್ ಜನಾಂಗಕ್ಕೆ ಕ್ಯಾಂಡಿಯ ಮೇಲೆ ಇದ್ದ ಹಕ್ಕೆಲ್ಲ ಇನ್ನು ರದ್ದು, ಅವನ ಗಂಡು ನೆಂಟರಾರೂ ನಾಡಿನೊಳಗೆ ಕಾಲಿಡಕೂಡದು ಎಂದು ಬರೆಯಲಾಯಿತು. ತಮಿಳುನಾಡಿನ ಕಡೆಯಿಂದ ಬಂದವರನ್ನೆಲ್ಲ ಅಂದು ಇಂಗ್ಲಿಷರು ಮಲಬಾರಿನವರು ಎನ್ನುತ್ತಿದ್ದರು. 76 ವರ್ಷ ಆಳಿದ ಮನೆತನ ಒಂದು ಮಧ್ಯಾಹ್ನದಲ್ಲಿ ಪರದೇಶಿಯಾಯಿತು. ಇದಕ್ಕೆ ಸಹಿ ಹಾಕಿದ ಕ್ಯಾಂಡಿಯ ಸರದಾರರಲ್ಲಿ ಕೆಲವರ ಸಹಿ ತಮಿಳು ಅಕ್ಷರಗಳಲ್ಲಿದೆ.

ಎರಡೂವರೆ ವರ್ಷದ ನಂತರ, 1817ರಲ್ಲಿ, ಊವ ಪ್ರಾಂತ್ಯದ ಸಿಂಹಳರು ಇಂಗ್ಲಿಷರ ಮೇಲೆ ದಂಗೆ ಎದ್ದರು. ಅವರಿಗೊಬ್ಬ ರಾಜ ಬೇಕಾಗಿತ್ತು. ಹಿಂದೆ ಭಿಕ್ಷುವಾಗಿದ್ದ ವಿಲ್ಬಾವೆ ಎಂಬ ಸಿಂಹಳದವನೇ ಒಬ್ಬ ರಾಜನಾಗಲು ಮುಂದೆ ಬಂದ. ಆದರೆ ಅವನು ತನ್ನ ಹೆಸರಿನಲ್ಲಿ ಬರಲಿಲ್ಲ. ನಾನು ದೊರೈಸಾಮಿ, ನಾಯಕ್ಕರ್ ರಾಜರ ನೆಂಟ ಎಂದು ಹೇಳಿಕೊಂಡು ಬಂದ. ಜನ ಅವನ ಹಿಂದೆ ಹೋದರು. ಕಾಗದದ ಮೇಲೆ ಏನೇ ಬರೆದಿರಲಿ, ಜನರ ಮನಸ್ಸಿನಲ್ಲಿ ರಾಜ ಎಂದರೆ ಹೇಗಿರಬೇಕಿತ್ತು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆ ಹೊತ್ತಿಗೆ ನಿಜವಾದ ರಾಜ ಇಲ್ಲಿದ್ದ. 1816ರ ಜನವರಿ 24ರಂದು ಅವನನ್ನೂ ರಾಣಿಯರನ್ನೂ ನೆಂಟರನ್ನೂ ಕೊಲಂಬೊದಲ್ಲಿ ಹಡಗು ಹತ್ತಿಸಿದರು. ಹಡಗಿನ ಹೆಸರು ಕಾರ್ನ್‌ವಾಲಿಸ್. ಟಿಪ್ಪುವಿನ ಇಬ್ಬರು ಮಕ್ಕಳನ್ನು 1792ರಲ್ಲಿ ಒತ್ತೆ ಇರಿಸಿಕೊಂಡ ಅದೇ ಕಾರ್ನ್‌ವಾಲಿಸನ ಹೆಸರು. ಜೊತೆಗಿದ್ದ ಗ್ರಾನ್‌ವಿಲ್ ಎಂಬ ಅಧಿಕಾರಿ ಆ ಪ್ರಯಾಣದ ದಿನಚರಿ ಬರೆದಿಟ್ಟಿದ್ದಾನೆ. ಫೆಬ್ರವರಿಯಲ್ಲಿ ಮದರಾಸು ಬಂತು. ಆಗ ಇಲ್ಲಿ ಬಂದರು ಎಂಬುದೇ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು, ಜನರು ಹಗ್ಗದಿಂದ ಹೊಲಿದ ಮಸೂಲಾ ದೋಣಿಗಳಲ್ಲಿ ಅಲೆ ದಾಟಿ ಮರಳಿಗೆ ಇಳಿಯುತ್ತಿದ್ದರು. ಸಿಂಹಳದ ಕೊನೆಯ ರಾಜ ಮದರಾಸಿನ ನೆಲ ಮುಟ್ಟಿ, ಅಲ್ಲಿಂದ ವೆಲ್ಲೂರಿಗೆ ಹೋದ.

ವೆಲ್ಲೂರಿನ ಕೋಟೆ ವಿಜಯನಗರದ ಕಾಲದ್ದು. ಹಂಪೆ ಹಾಳಾದ ಮೇಲೆ ಪೆನುಕೊಂಡ, ಚಂದ್ರಗಿರಿ ಎಂದು ಸರಿಯುತ್ತ ಬಂದ ಅರವೀಡು ಅರಸರಿಗೆ ಇದೂ ಕೊನೆಗಾಲದ ನೆಲೆಯಾಗಿತ್ತು. ವಿಜಯನಗರ ದಕ್ಷಿಣಕ್ಕೆ ಕಳಿಸಿದ ನಾಯಕರ ಬಳಗ ಮಧುರೆಯಿಂದ ಕ್ಯಾಂಡಿಗೆ ಹೋಗಿ, ರಾಜ್ಯ ಆಳಿ, ಕಳೆದುಕೊಂಡು, ವಿಜಯನಗರದ ಕೋಟೆಗೇ ಕೈದಿಯಾಗಿ ವಾಪಸಾಯಿತು.

ಅವನಿಗಿಂತ ಮುಂಚೆ ಅಲ್ಲಿದ್ದವರು ನಮ್ಮವರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನೂ ಹೆಂಗಸರನ್ನೂ ಇಟ್ಟದ್ದು ಇದೇ ಕೋಟೆಯಲ್ಲಿ. 1806ರ ಜುಲೈ 10ರಂದು ಸಿಪಾಯಿಗಳು ದಂಗೆ ಎದ್ದು ಮೈಸೂರಿನ ಹುಲಿಪಟ್ಟೆಯ ಬಾವುಟ ಹಾರಿಸಿದರು. ಅಂದೇ ದಂಗೆ ಅಡಗಿತು, ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು. ಹತ್ತು ವರ್ಷಕ್ಕೆ ಕ್ಯಾಂಡಿಯವರು ಬಂದರು. ಕೋಟೆಯೊಳಗೆ ಟಿಪ್ಪು ಮಹಲ್, ಹೈದರ್ ಮಹಲ್, ಕಂಡಿ ಮಹಲ್ ಎಂಬ ಹೆಸರುಗಳು ಇನ್ನೂ ಇವೆ. ಹದಿನಾರು ವರ್ಷ ರಾಜ ಇಲ್ಲಿ ಬದುಕಿದ, ಇಲ್ಲೇ ಅವನಿಗೊಬ್ಬ ಮಗ ಹುಟ್ಟಿದ. ಆ ಮಗನೂ 1843ರಲ್ಲಿ ಸತ್ತ.

ಕ್ಯಾಂಡಿಯಿಂದ ಒಯ್ದ ಸಿಂಹಾಸನವನ್ನು ಇಂಗ್ಲಿಷರು 1934ರಲ್ಲಿ ಹಿಂದಿರುಗಿಸಿದರು. ಅವನ ಬಾವುಟ, ಕತ್ತಿ ಹಿಡಿದ ಸಿಂಹದ ಬಾವುಟ, ಲಂಡನ್ನಿನ ಚೆಲ್ಸಿಯಲ್ಲಿತ್ತು. 1948ರಲ್ಲಿ ಲಂಕೆ ಸ್ವತಂತ್ರವಾದಾಗ ಅದೇ ಸಿಂಹ ದೇಶದ ಬಾವುಟಕ್ಕೆ ಬಂತು. ಕ್ರಿಕೆಟ್ ಮೈದಾನಗಳಲ್ಲಿ ನಾವು ನೋಡುವ ಸಿಂಹ ಅದು. 2013ರಲ್ಲಿ ಐಪಿಎಲ್ ಆಡಲು ಶ್ರೀಲಂಕಾದ ಆಟಗಾರರನ್ನು ಚೆನ್ನೈಗೆ ಬಿಡಲಿಲ್ಲ. ಸಿಂಹಳರ ಹೆಮ್ಮೆಯಾದ ಆ ಸಿಂಹದ ಒಡೆಯನನ್ನು ತಮಿಳು ರಾಜನೆಂದು ಇಲ್ಲಿ ನೆನೆಯುತ್ತಾರೆ, ಅವನದೇ ನಾಡಿನ ಸರದಾರರು ಪರದೇಶಿ ಎಂದು ಸಹಿ ಹಾಕಿ ಕಳಿಸಿದ್ದರು.

ಮಂಟಪದಲ್ಲಿ ನಾನು ಅರ್ಧ ಗಂಟೆ ಇದ್ದೆ. ಬೇರೆ ಯಾರೂ ಬರಲಿಲ್ಲ. ಪಾಲಾರ್ ಎಂದರೆ ಹಾಲಿನ ಹೊಳೆ. ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಇಲ್ಲಿಗೆ ಬರುವಷ್ಟರಲ್ಲಿ ಬರೀ ಮರಳು. ಆಟೊದವನು ಬೀಡಿ ಮುಗಿಸಿ ಕಾದಿದ್ದ. ಫೋನಿನಲ್ಲಿ ಅತ್ತೆಯ ಜೊತೆ ನಾನು ಆಡಿದ ಮಾತು ಕೇಳಿಸಿಕೊಂಡು "ನೀಂಗ ಬೆಂಗಳೂರಾ ಸಾರ್?" ಎಂದ. ಇಲ್ಲಪ್ಪ, ಚೆನ್ನೈ, 22 ವರ್ಷ ಆಯಿತು ಎಂದೆ. "ಇಲ್ಲೆ ಸಾರ್, ಸೊಂದ ಊರು?" ಎಂದು ಮತ್ತೆ ಕೇಳಿದ. ಶಿವಮೊಗ್ಗ ಎಂದೆ. ತಾನೂ ಮನೆಯಲ್ಲಿ ತೆಲುಗು ಮಾತಾಡುವವನು, ಅಜ್ಜನ ಕಾಲದಲ್ಲಿ ಚಿತ್ತೂರಿನ ಕಡೆಯಿಂದ ಬಂದವರು ಎಂದು ಹೇಳಿ ಗಾಡಿ ತಿರುಗಿಸಿದ.

ಅತ್ತೆಯ ವರದಿ ಚೆನ್ನಾಗಿಯೇ ಬಂತು. ರಾತ್ರಿಯ ರೈಲಿನಲ್ಲಿ, ಏನು ನೋಡಿದೆ ಇಡೀ ಮಧ್ಯಾಹ್ನ ಎಂದು ಕೇಳಿದರು. ಅರಕ್ಕೋಣಂ ಬರುವವರೆಗೂ ಹೇಳಿದೆ. ಎಳನೀರಿನ ಕತೆ ಅವರಿಗೆ ತುಂಬಾ ಹಿಡಿಸಿತು.